ಸರ್ವರ್ ಹೊಸದು, ಲೆಕ್ಕದ ತಂತ್ರಾಂಶ ಹಳೆಯದು: ಆವೃತ್ತಿಗಳ ಹೊಂದಾಣಿಕೆ ತಪ್ಪಿದಾಗ

ಮಂಗಳೂರಿನ ಬಂದರು ಪ್ರದೇಶದ ಸಗಟು ಮಳಿಗೆಗಳಲ್ಲಿ, ಬೈಕಂಪಾಡಿಯ ಕಾರ್ಖಾನೆಗಳಲ್ಲಿ, ಮಲ್ಪೆಯ ಮೀನು ವ್ಯಾಪಾರದ ಕಚೇರಿಗಳಲ್ಲಿ, ಉಡುಪಿಯ ಸಣ್ಣ ಸಹಕಾರಿ ಸಂಘಗಳಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ಬರೆಸಿಕೊಂಡ ಲೆಕ್ಕಪತ್ರ ತಂತ್ರಾಂಶವನ್ನೇ ಇಂದಿಗೂ ನೆಚ್ಚಿಕೊಂಡಿರುವವರು ಬಹಳ ಮಂದಿ. ತಂತ್ರಾಂಶ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಆದರೆ ಅದರ ಹಿಂದಿರುವ ಸರ್ವರ್ ಕಂಪ್ಯೂಟರ್ ಹಳತಾಗಿ ಕೆಡುತ್ತದೆ. ಹೊಸ ಯಂತ್ರ ಬರುತ್ತದೆ, ಅದರಲ್ಲಿ ಡೇಟಾಬೇಸ್ ಸರ್ವರಿನ ಹೊಸ ಆವೃತ್ತಿಯನ್ನು ಸ್ಥಾಪಿಸಲಾಗುತ್ತದೆ, ಬ್ಯಾಕಪ್‌ನಿಂದ ಹಳೆಯ ಮಾಹಿತಿಯನ್ನು ತುಂಬಲಾಗುತ್ತದೆ. ಮರುದಿನ ಬೆಳಿಗ್ಗೆ ಬಿಲ್ ಹಾಕಲು ಕುಳಿತವರ ಮುಂದೆ ತಂತ್ರಾಂಶ ಒಂದು ದೋಷಸಂದೇಶ ತೋರಿಸಿ ನಿಂತುಬಿಡುತ್ತದೆ. ಮಾಲೀಕರಿಗೆ ಮೊದಲು ಹುಟ್ಟುವ ಭಯ ಒಂದೇ: ಇಷ್ಟು ವರ್ಷಗಳ ಲೆಕ್ಕ ಹೋಯಿತೇ?

ಹೋಗಿರುವುದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಲೆಕ್ಕ ಇದ್ದಲ್ಲಿಯೇ ಇರುತ್ತದೆ. ಅದನ್ನು ಕೇಳುವ ತಂತ್ರಾಂಶಕ್ಕೂ ಕೊಡುವ ಸರ್ವರಿಗೂ ನಡುವಿನ ಒಪ್ಪಂದ ಎಲ್ಲೋ ಒಂದು ಕಡೆ ಮುರಿದಿರುತ್ತದೆ. ಎಲ್ಲಿ ಮುರಿದಿದೆ ಎಂಬುದನ್ನು ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ. ತಂತ್ರಾಂಶ ತೆರೆದುಕೊಳ್ಳದೇ ಇರುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಅದು ಸಲೀಸಾಗಿ ತೆರೆದುಕೊಂಡು, ಯಾವ ಸಂದೇಶವನ್ನೂ ತೋರಿಸದೆ, ತಪ್ಪು ಶಿಲ್ಕನ್ನು ಕೊಡುವುದು. ಈ ಎರಡನ್ನೂ ಬೇರೆಬೇರೆಯಾಗಿ ನೋಡುವುದು ಅಗತ್ಯ.

ಮೊದಲಿಗೆ ವ್ಯವಸ್ಥೆಯ ರಚನೆಯನ್ನು ತಿಳಿದುಕೊಳ್ಳೋಣ. ನಾವು ಕಣ್ಣಿನಿಂದ ಕಾಣುವ ಬಿಲ್ಲಿನ ಪರದೆ, ಲೆಡ್ಜರಿನ ಪರದೆಗಳೆಲ್ಲ ತಂತ್ರಾಂಶಕ್ಕೆ ಸೇರಿದವು. ಅಂಕಿಗಳು ಮಾತ್ರ ಅದರೊಳಗೆ ಇರುವುದಿಲ್ಲ. ಅವು ಮೈಎಸ್‌ಕ್ಯೂಎಲ್, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಅಥವಾ ಪೋಸ್ಟ್‌ಗ್ರೆಸ್‌ನಂತಹ ಪ್ರತ್ಯೇಕ ಡೇಟಾಬೇಸ್ ಸರ್ವರಿನಲ್ಲಿ ಕೋಷ್ಟಕಗಳಾಗಿ ಕುಳಿತಿರುತ್ತವೆ. ಇವೆರಡರ ನಡುವೆ ಡ್ರೈವರ್ ಎಂಬ ಮಧ್ಯವರ್ತಿ ಇದೆ. ತಂತ್ರಾಂಶವು ಡ್ರೈವರಿನ ಮೂಲಕ ಸರ್ವರಿಗೆ ಲಾಗಿನ್ ಆಗುತ್ತದೆ, ಎಸ್‌ಕ್ಯೂಎಲ್ ಭಾಷೆಯಲ್ಲಿ ಪ್ರಶ್ನೆ ಕೇಳುತ್ತದೆ, ಬಂದ ಉತ್ತರವನ್ನು ಒಂದು ನಿರ್ದಿಷ್ಟ ಅಕ್ಷರಸಂಕೇತದಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ) ಓದುತ್ತದೆ. ಲಾಗಿನ್, ಡ್ರೈವರ್, ಪ್ರಶ್ನೆಯ ಭಾಷೆ, ಅಕ್ಷರಸಂಕೇತ ಇವುಗಳಲ್ಲಿ ಯಾವುದು ಬದಲಾದರೂ ಮಾತುಕತೆ ಕೆಡುತ್ತದೆ.

ದುರಸ್ತಿಗೆ ಕೈಹಾಕುವ ಮೊದಲು ಪಾಲಿಸಲೇಬೇಕಾದ ನಿಯಮವೊಂದಿದೆ. ಡೇಟಾಬೇಸ್ ಸರ್ವರಿನ ಮೇಲ್ದರ್ಜೆಗೇರಿಕೆ ಏಕಮುಖ ರಸ್ತೆ. ಮೈಎಸ್‌ಕ್ಯೂಎಲ್ 8.0ಕ್ಕೆ ಏರಿಸಿದ ಕಡತಗಳನ್ನು 5.7ಕ್ಕೆ ಇಳಿಸಲು ಬರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್ 2019ರಲ್ಲಿ ತೆಗೆದ ಬ್ಯಾಕಪ್ಪನ್ನು 2012ರಲ್ಲಿ ರಿಸ್ಟೋರ್ ಮಾಡಲು ಆಗುವುದಿಲ್ಲ. ಹಿಂದಿರುಗುವ ದಾರಿ ಎಂದರೆ ಹಳೆಯ ಸರ್ವರ್ ಹಳೆಯದಾಗಿಯೇ ಇದ್ದಾಗ ತೆಗೆದ ಬ್ಯಾಕಪ್ ಮಾತ್ರ. ಆದ್ದರಿಂದ ಆ ಬ್ಯಾಕಪ್ಪಿನ ಎರಡು ಪ್ರತಿಗಳನ್ನು ಬೇರೆಬೇರೆ ಡಿಸ್ಕುಗಳಲ್ಲಿ ಇರಿಸಿ, ಒಂದನ್ನಾದರೂ ಇನ್ನೊಂದು ಯಂತ್ರದಲ್ಲಿ ರಿಸ್ಟೋರ್ ಮಾಡಿ, ತೆರೆದು ನೋಡಿರಬೇಕು. ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ಲಾಗಿನ್ ವಿಷಯಕ್ಕೆ ಬರೋಣ. ಮೈಎಸ್‌ಕ್ಯೂಎಲ್ ಬಳಸುವ ಕಚೇರಿಗಳಲ್ಲಿ ಹೆಚ್ಚಾಗಿ ಎದುರಾಗುವುದು ಇದೇ. 2018ರ ಏಪ್ರಿಲ್‌ನಲ್ಲಿ ಬಂದ 8.0 ಆವೃತ್ತಿಯು ಪಾಸ್‌ವರ್ಡ್ ಪರಿಶೀಲಿಸುವ ಪೂರ್ವನಿಯೋಜಿತ (ಡಿಫಾಲ್ಟ್) ವಿಧಾನವನ್ನೇ ಬದಲಿಸಿತು. ಅಲ್ಲಿಯವರೆಗೆ ಇದ್ದ ‘ನೇಟಿವ್ ಪಾಸ್‌ವರ್ಡ್’ ವಿಧಾನದ ಜಾಗಕ್ಕೆ ‘ಕ್ಯಾಚಿಂಗ್ ಶಾ-2’ ಎಂಬ ಹೆಚ್ಚು ಭದ್ರವಾದ ವಿಧಾನ ಬಂತು. ಹಳೆಯ ಡ್ರೈವರಿಗೆ ಇದರ ಪರಿಚಯವೇ ಇಲ್ಲ. ಬ್ಯಾಂಕಿನಲ್ಲಿ ನಮ್ಮ ಖಾತೆಯೂ ಹಣವೂ ಹಾಗೆಯೇ ಇದ್ದು, ಸಹಿಯನ್ನು ತಾಳೆ ನೋಡುವ ಕ್ರಮ ಮಾತ್ರ ಬದಲಾದರೆ ಹೇಗೋ ಹಾಗೆ: ಪಾಸ್‌ವರ್ಡ್ ಸರಿಯಾಗಿದ್ದರೂ ಬಾಗಿಲು ತೆರೆಯುವುದಿಲ್ಲ. ದೋಷಸಂದೇಶದಲ್ಲಿ ‘ಅಥೆಂಟಿಕೇಶನ್ ಪ್ಲಗಿನ್’ ಅಥವಾ ‘ಅಥೆಂಟಿಕೇಶನ್ ಪ್ರೋಟೊಕಾಲ್’ ಎಂಬ ಮಾತು ಕಂಡರೆ ದೋಷ ಇಲ್ಲಿಯೇ ಇದೆ ಎಂದು ತಿಳಿಯಬಹುದು. ಪಾಸ್‌ವರ್ಡನ್ನು ಮತ್ತೆಮತ್ತೆ ಬದಲಿಸುವುದರಿಂದ ಏನೂ ಆಗದು.

ಇದಕ್ಕೆ ಎರಡು ಪರಿಹಾರಗಳಿವೆ. ಡ್ರೈವರನ್ನು 8.0 ಸರಣಿಗೆ ಏರಿಸಿದರೆ ಅದು ಹೊಸ ವಿಧಾನವನ್ನು ಅರ್ಥಮಾಡಿಕೊಳ್ಳುತ್ತದೆ. ಸಾಧ್ಯವಾದಲ್ಲೆಲ್ಲ ಇದನ್ನೇ ಮಾಡಬೇಕು. ಡ್ರೈವರ್ ತಂತ್ರಾಂಶದೊಳಗೇ ಬೆಸೆದುಕೊಂಡಿದ್ದು ಬದಲಿಸಲು ಬಾರದಿದ್ದರೆ, ಸರ್ವರಿನಲ್ಲಿ ಆ ತಂತ್ರಾಂಶಕ್ಕೆಂದೇ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ, ಆ ಒಬ್ಬನಿಗೆ ಮಾತ್ರ ಹಳೆಯ ನೇಟಿವ್ ವಿಧಾನವನ್ನು ಗೊತ್ತುಪಡಿಸಬಹುದು. ಎಲ್ಲ ಅಧಿಕಾರವುಳ್ಳ ‘ರೂಟ್’ ಬಳಕೆದಾರನನ್ನೇ ಹಳೆಯ ವಿಧಾನಕ್ಕೆ ಇಳಿಸುವ ಅಭ್ಯಾಸ ಬಹಳ ಕಡೆ ಇದೆ, ಅದು ತಪ್ಪು. ಈ ಎರಡನೆಯ ದಾರಿಗೆ ಆಯುಷ್ಯವೂ ಕಡಿಮೆ. 2024ರಲ್ಲಿ ಬಂದ 8.4ರಲ್ಲಿ ನೇಟಿವ್ ವಿಧಾನವನ್ನು ಪೂರ್ವನಿಯೋಜಿತವಾಗಿ ಮುಚ್ಚಿಡಲಾಗಿದೆ, ಬೇಕಾದವರು ಸಂರಚನಾ ಕಡತದಲ್ಲಿ (ಕಾನ್ಫಿಗರೇಶನ್ ಫೈಲ್) ತೆರೆದುಕೊಳ್ಳಬೇಕು. ಅದೇ ವರ್ಷದ 9.0ರಲ್ಲಿ ಅದನ್ನು ಪೂರ್ತಿಯಾಗಿ ತೆಗೆದುಹಾಕಲಾಗಿದೆ.

ಇಲ್ಲಿ ಕಾಣುವ ಒಂದು ವಿಚಿತ್ರವನ್ನು ಹೇಳಲೇಬೇಕು. ‘ನಿನ್ನೆ ಸರಿಯಾಗಿತ್ತು, ಇವತ್ತು ಸರ್ವರ್ ಆಫ್ ಮಾಡಿ ಆನ್ ಮಾಡಿದ ಮೇಲೆ ಬರುತ್ತಿಲ್ಲ’ ಎಂದು ಕೆಲವರು ಹೇಳುತ್ತಾರೆ. ಹೊಸ ವಿಧಾನದಲ್ಲಿ ಒಬ್ಬ ಬಳಕೆದಾರ ಮೊದಲ ಸಲ ಲಾಗಿನ್ ಆಗುವಾಗ ಭದ್ರವಾದ ಸಂಪರ್ಕ ಬೇಕು. ಒಮ್ಮೆ ಒಳಗೆ ಬಂದ ಮೇಲೆ ಸರ್ವರ್ ಅವನ ಗುರುತನ್ನು ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಸರ್ವರ್ ಮರುಪ್ರಾರಂಭವಾದಾಗ ಆ ಸ್ಮೃತಿ ಅಳಿಯುತ್ತದೆ. ಭದ್ರ ಸಂಪರ್ಕವನ್ನು ಕೊಡಲಾರದ ತಂತ್ರಾಂಶವು, ಅದೇ ಬಳಕೆದಾರನ ಹೆಸರಿನಲ್ಲಿ ಬೇರೆ ಸಾಧನದಿಂದ ಯಾರಾದರೂ ಒಮ್ಮೆ ಲಾಗಿನ್ ಆಗುವವರೆಗೆ ಹೊರಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಹೋಗಿ ಬರುವ ನಮ್ಮ ಕರಾವಳಿಯಲ್ಲಿ ಈ ದೋಷ ದಿನಕ್ಕೊಮ್ಮೆ ಕಾಣಿಸಿಕೊಂಡರೂ ಆಶ್ಚರ್ಯವಿಲ್ಲ.

ಡ್ರೈವರಿನ ವಿಷಯದಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು 32 ಬಿಟ್ ಮತ್ತು 64 ಬಿಟ್ ವ್ಯತ್ಯಾಸ. ಹಳೆಯ ವಿಂಡೋಸ್ ತಂತ್ರಾಂಶಗಳು ಬಹುತೇಕ 32 ಬಿಟ್‌ನವು. ಅವುಗಳಿಗೆ 32 ಬಿಟ್ ಓಡಿಬಿಸಿ (ಡೇಟಾಬೇಸ್ ಸಂಪರ್ಕದ ಒಂದು ಸಾಮಾನ್ಯ ಪದ್ಧತಿ) ಡ್ರೈವರೇ ಬೇಕು, ಯಂತ್ರ 64 ಬಿಟ್‌ನದಾಗಿದ್ದರೂ ಸರಿ. ವಿಂಡೋಸ್‌ನಲ್ಲಿ ಓಡಿಬಿಸಿ ಸಂಯೋಜನೆಯ ಪರದೆಗಳು ಎರಡು ಇವೆ, ಒಂದು ಇನ್ನೊಂದರಲ್ಲಿ ಸ್ಥಾಪಿಸಿದ ಡ್ರೈವರನ್ನು ತೋರಿಸುವುದಿಲ್ಲ. ಗೊಂದಲಕ್ಕೆ ಇನ್ನೊಂದು ಕಾರಣ ಫೋಲ್ಡರಿನ ಹೆಸರು: ‘ಸಿಸ್ಟಮ್32’ ಎಂಬ ಫೋಲ್ಡರಿನಲ್ಲಿ ಇರುವುದು 64 ಬಿಟ್‌ನ ಪರದೆ, 32 ಬಿಟ್‌ನದು ‘ಸಿಸ್‌ವಾವ್64’ ಎಂಬ ಫೋಲ್ಡರಿನಲ್ಲಿದೆ. ಸಂದೇಶದಲ್ಲಿ ‘ಆರ್ಕಿಟೆಕ್ಚರ್ ಮಿಸ್‌ಮ್ಯಾಚ್’ ಎಂದು ಬಂದರೆ ಸರ್ವರನ್ನು ಮುಟ್ಟದೆ ಈ ಎರಡನೆಯ ಪರದೆಯನ್ನು ತೆರೆದು ನೋಡಬೇಕು. ಎಸ್‌ಕ್ಯೂಎಲ್ ಸರ್ವರಿನ ಓಡಿಬಿಸಿ ಡ್ರೈವರ್ 18ಕ್ಕೆ ಏರಿದವರಿಗೆ ‘ಸರ್ಟಿಫಿಕೇಟ್ ಚೈನ್’ ನಂಬಲರ್ಹವಲ್ಲ ಎಂಬ ಸಂದೇಶ ಬರುವುದುಂಟು. ಆ ಡ್ರೈವರಿನಿಂದ ಸಂಪರ್ಕವನ್ನು ಗೂಢಲಿಪಿಗೊಳಿಸುವುದು ಪೂರ್ವನಿಯೋಜಿತ ಕ್ರಮವಾಗಿರುವುದೇ ಕಾರಣ. ಸರ್ವರಿಗೆ ಸರಿಯಾದ ಪ್ರಮಾಣಪತ್ರ ಹಾಕಿಸುವುದು ಅದಕ್ಕೆ ತಕ್ಕ ಪರಿಹಾರ.

ಮೂರನೆಯದು ಪ್ರಶ್ನೆಯ ಭಾಷೆ. ಲೆಕ್ಕಪತ್ರ ತಂತ್ರಾಂಶಗಳಿಗೆ ಇಲ್ಲಿ ವಿಶೇಷವಾದ ಒಂದು ತೊಡಕಿದೆ. ಸಾಲಗಾರರು, ಸಾಲಿಗರು, ಬ್ಯಾಂಕ್ ಖಾತೆಗಳು, ಪರೋಕ್ಷ ವೆಚ್ಚಗಳು ಎಂದು ಖಾತೆಗಳನ್ನು ಗುಂಪು ಮಾಡುವುದು ಲೆಕ್ಕಪದ್ಧತಿಯ ಮೂಲ. ಹಾಗಾಗಿ ‘ಗ್ರೂಪ್ಸ್’ ಎಂಬ ಹೆಸರಿನ ಕೋಷ್ಟಕವನ್ನು ಇಟ್ಟುಕೊಂಡ ತಂತ್ರಾಂಶಗಳು ಇವೆ. ಮೈಎಸ್‌ಕ್ಯೂಎಲ್ 8.0ರಲ್ಲಿ ‘ಗ್ರೂಪ್ಸ್’ ಎಂಬುದು ಕಾಯ್ದಿರಿಸಿದ ಪದವಾಯಿತು, ಎಂದರೆ ಸರ್ವರ್ ತನ್ನ ಭಾಷೆಗೆಂದೇ ಮೀಸಲಿಟ್ಟ ಪದ. ‘ರ‍್ಯಾಂಕ್’, ‘ಸಿಸ್ಟಮ್’ ಮುಂತಾದವೂ ಅದೇ ಪಟ್ಟಿಗೆ ಸೇರಿದವು. ಇಂತಹ ಹೆಸರುಗಳನ್ನು ವಿಶೇಷ ಉದ್ಧರಣ ಚಿಹ್ನೆಯೊಳಗೆ ಬರೆಯದಿದ್ದರೆ, ನಿನ್ನೆಯವರೆಗೆ ನಡೆಯುತ್ತಿದ್ದ ಪ್ರಶ್ನೆಯನ್ನೇ ಸರ್ವರ್ ವ್ಯಾಕರಣದೋಷವೆಂದು ತಿರಸ್ಕರಿಸುತ್ತದೆ, ಸಂಖ್ಯೆ 1064ರ ದೋಷ ಬರುತ್ತದೆ. ಇದನ್ನು ಸರ್ವರಿನ ಯಾವ ಸಂಯೋಜನೆಯಿಂದಲೂ ಸರಿಪಡಿಸಲಾಗದು. ತಂತ್ರಾಂಶ ಬರೆದವರೇ ಪ್ರಶ್ನೆಯನ್ನು ತಿದ್ದಬೇಕು.

ಇನ್ನು ಕೆಲವು ದೋಷಗಳು ಸರ್ವರ್ ಹಿಂದಿಗಿಂತ ಕಟ್ಟುನಿಟ್ಟಾದುದರಿಂದ ಬರುತ್ತವೆ. ಉದಾಹರಣೆಗೆ, ಪ್ರತಿ ಗ್ರಾಹಕನ ಹೆಸರು, ಬಿಲ್ ಸಂಖ್ಯೆ ಮತ್ತು ಒಟ್ಟು ಬಾಕಿಯನ್ನು ಗ್ರಾಹಕವಾರು ಗುಂಪು ಮಾಡಿ ಕೊಡು ಎಂದು ತಂತ್ರಾಂಶ ಕೇಳುತ್ತದೆ ಎಂದುಕೊಳ್ಳೋಣ. ಒಬ್ಬ ಗ್ರಾಹಕನಿಗೆ ಇಪ್ಪತ್ತು ಬಿಲ್ಲುಗಳಿದ್ದರೆ ಯಾವ ಸಂಖ್ಯೆಯನ್ನು ಕೊಡಬೇಕು? ಹಳೆಯ ಸರ್ವರ್ ಕೈಗೆ ಸಿಕ್ಕಿದ್ದನ್ನು ಕೊಡುತ್ತಿತ್ತು. 2015ರಲ್ಲಿ ಬಂದ 5.7ರಿಂದ ಈಚೆಗೆ ಸರ್ವರ್ ಅಂತಹ ಪ್ರಶ್ನೆಗೆ ಉತ್ತರಿಸಲು ನಿರಾಕರಿಸುತ್ತದೆ, ದೋಷಸಂಖ್ಯೆ 1055. ಬ್ಯಾಂಕ್ ಸಮನ್ವಯದಲ್ಲಿ ಇನ್ನೂ ಪಾಸಾಗದ ಚೆಕ್ಕಿನ ದಿನಾಂಕವನ್ನು ಖಾಲಿ ಬಿಡುವ ಬದಲು ಸೊನ್ನೆಗಳ ದಿನಾಂಕ ತುಂಬಿಸುವ ತಂತ್ರಾಂಶಗಳಿವೆ. ಕಟ್ಟುನಿಟ್ಟಾದ ಸರ್ವರ್ ಅದನ್ನು ದಿನಾಂಕವೆಂದು ಒಪ್ಪುವುದಿಲ್ಲ, ವೋಚರ್ ಉಳಿಯುವುದಿಲ್ಲ. ಉದ್ದವಾದ ವಿವರಣೆಯನ್ನು ಹಿಂದೆ ಸದ್ದಿಲ್ಲದೆ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದುದು ಈಗ ತಿರಸ್ಕರಿಸಲ್ಪಡುತ್ತದೆ. ಇವುಗಳಿಗೆ ‘ಎಸ್‌ಕ್ಯೂಎಲ್ ಮೋಡ್’ ಎಂಬ ಸಂಯೋಜನೆಯನ್ನು ಸಡಿಲಿಸಿ ತಾತ್ಕಾಲಿಕ ಉಪಶಮನ ಪಡೆಯಬಹುದು. ಆದರೆ ಸರ್ವರ್ ಕಟ್ಟುನಿಟ್ಟಾಗಿರುವುದು ಲೆಕ್ಕದ ಹಿತಕ್ಕಾಗಿಯೇ ಎಂಬುದನ್ನು ಮರೆಯದೆ, ತಂತ್ರಾಂಶ ತಿದ್ದಿದ ಕೂಡಲೇ ಸಡಿಲಿಕೆಯನ್ನು ಹಿಂತೆಗೆದುಕೊಳ್ಳಬೇಕು. ಹಳೆಯ ಸಂರಚನಾ ಕಡತವನ್ನು ಹೊಸ ಸರ್ವರಿಗೆ ಹಾಗೆಯೇ ನಕಲು ಮಾಡುವುದೂ ಬೇಡ. ಅದರಲ್ಲಿ ‘ಕ್ವೆರಿ ಕ್ಯಾಶ್’ನಂತಹ, 8.0ರಲ್ಲಿ ಇಲ್ಲವಾದ ಸಂಯೋಜನೆಯ ಸಾಲೊಂದಿದ್ದರೆ ಸರ್ವರ್ ಶುರುವಾಗುವುದೇ ಇಲ್ಲ.

ಇಲ್ಲಿಯವರೆಗೆ ಹೇಳಿದವು ಸದ್ದು ಮಾಡುವ ದೋಷಗಳು. ಸದ್ದು ಮಾಡದ ದೋಷಕ್ಕೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 5.7ರವರೆಗೆ ಮೈಎಸ್‌ಕ್ಯೂಎಲ್, ದಿನಾಂಕದ ಪ್ರಕಾರ ಗುಂಪು ಮಾಡು ಎಂದರೆ ಗುಂಪು ಮಾಡಿ, ಕೇಳದಿದ್ದರೂ ಅದೇ ಕ್ರಮದಲ್ಲಿ ಜೋಡಿಸಿಯೂ ಕೊಡುತ್ತಿತ್ತು. 8.0ರಲ್ಲಿ ಈ ಜೋಡಣೆ ನಿಂತಿತು. ಕ್ರಮ ಬೇಕಾದರೆ ಸ್ಪಷ್ಟವಾಗಿ ಕೇಳಬೇಕು. ಈಗ ನಗದು ಪುಸ್ತಕದ ವರದಿಯನ್ನು ಯೋಚಿಸಿ. ತಂತ್ರಾಂಶವು ದಿನವಾರು ಮೊತ್ತಗಳನ್ನು ತರಿಸಿಕೊಂಡು, ಆರಂಭದ ಶಿಲ್ಕಿಗೆ ಒಂದೊಂದನ್ನೇ ಸೇರಿಸುತ್ತಾ ಪ್ರತಿದಿನದ ಅಖೈರು ಶಿಲ್ಕನ್ನು ಮುದ್ರಿಸುತ್ತದೆ. ಸಾಲುಗಳು ದಿನಾಂಕದ ಕ್ರಮದಲ್ಲಿ ಬಾರದೇ ಇದ್ದರೆ ತಿಂಗಳ ಒಟ್ಟು ಮೊತ್ತ ಸರಿಯಾಗಿಯೇ ಇರುತ್ತದೆ, ಏಕೆಂದರೆ ಕೂಡುವ ಕ್ರಮ ಬದಲಾದರೆ ಮೊತ್ತ ಬದಲಾಗದು. ಆದರೆ ನಡುವಿನ ದಿನಗಳ ಶಿಲ್ಕುಗಳೆಲ್ಲ ತಪ್ಪು. ಕೊನೆಯ ಸಾಲನ್ನೇ ಇಂದಿನ ಶಿಲ್ಕು ಎಂದು ಭಾವಿಸುವ ತಂತ್ರಾಂಶ, ಎಂದಿನದೋ ದಿನದ ಹೆಸರಿನಲ್ಲಿ ಅದನ್ನು ತೋರಿಸುತ್ತದೆ. ಯಾವ ದೋಷಸಂದೇಶವೂ ಇಲ್ಲ.

ಅಕ್ಷರಸಂಕೇತದ ತೊಂದರೆ ಕನ್ನಡದಲ್ಲಿ ಹೆಸರು ಬರೆಯುವವರನ್ನು ಹೆಚ್ಚು ಕಾಡುತ್ತದೆ. ಹಳೆಯ ಮೈಎಸ್‌ಕ್ಯೂಎಲ್‌ನ ಪೂರ್ವನಿಯೋಜಿತ ಸಂಕೇತ ‘ಲ್ಯಾಟಿನ್1’, ಹೊಸದರದು ‘ಯುಟಿಎಫ್‌8ಎಂಬಿ4’. ಯುಟಿಎಫ್‌8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಹಳೆಯ ತಂತ್ರಾಂಶಗಳು ಈ ಮೂರು ಬೈಟುಗಳನ್ನು ಲ್ಯಾಟಿನ್1 ಎಂದು ಹೇಳಿಕೊಂಡೇ ಒಳಗಿಟ್ಟು, ಹಾಗೆಯೇ ಹೊರತೆಗೆಯುತ್ತಿದ್ದವು. ಎರಡೂ ಕಡೆ ಒಂದೇ ತಪ್ಪಾದ್ದರಿಂದ ಪರದೆಯಲ್ಲಿ ಕನ್ನಡ ಸರಿಯಾಗಿ ಕಾಣುತ್ತಿತ್ತು. ಹೊಸ ಸರ್ವರ್ ಆ ಬೈಟುಗಳನ್ನು ನಿಜವಾಗಿಯೂ ಲ್ಯಾಟಿನ್ ಅಕ್ಷರಗಳೆಂದು ನಂಬಿ ಪರಿವರ್ತಿಸಿದಾಗ, ಗ್ರಾಹಕನ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಓರೆಗೆರೆಯಿರುವ ರೋಮನ್ ‘ಎ’ ಮತ್ತೆಮತ್ತೆ ಬರುವ ಸಾಲು ಕಾಣುತ್ತದೆ. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟು ಒಂದೇ ಆಗಿರುವುದರಿಂದ ಹೀಗಾಗುತ್ತದೆ. ಈ ರೂಪದಲ್ಲಿ ಕಂಡರೆ ಗಾಬರಿಯಾಗಬೇಕಿಲ್ಲ, ಬೈಟುಗಳು ಉಳಿದಿವೆ. ಸಂಬಂಧಪಟ್ಟ ಕಾಲಮನ್ನು ಮೊದಲು ಲ್ಯಾಟಿನ್1ಕ್ಕೆ ಮರಳಿಸಿ, ಬಳಿಕ ಅಕ್ಷರದ ಅರ್ಥವಿಲ್ಲದ ಬೈನರಿ ರೂಪಕ್ಕೆ ತಂದು, ಅಲ್ಲಿಂದ ಯುಟಿಎಫ್‌8ಎಂಬಿ4 ಎಂದು ಘೋಷಿಸಿದರೆ ಕನ್ನಡ ಮರಳುತ್ತದೆ. ಆದರೆ ಹೆಸರಿನ ಜಾಗದಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳೇ ದಾಖಲಾಗಿದ್ದರೆ ಮೂಲ ಬೈಟುಗಳು ಅಳಿದಿವೆ ಎಂದೇ ಅರ್ಥ. ಬ್ಯಾಕಪ್ ಬಿಟ್ಟರೆ ಬೇರೆ ದಾರಿಯಿಲ್ಲ. ಹಾಗಾಗಿ ಕನ್ನಡ ಕೆಟ್ಟಿದೆ ಎಂದು ಕಂಡ ಕೂಡಲೇ ಹೊಸ ನಮೂದುಗಳನ್ನು ನಿಲ್ಲಿಸಬೇಕು. ಸರಿಯಾದ ಕನ್ನಡವೂ ಕೆಟ್ಟ ಕನ್ನಡವೂ ಒಂದೇ ಕಾಲಮಿನಲ್ಲಿ ಬೆರೆತ ಮೇಲೆ ಒಟ್ಟಾಗಿ ತಿದ್ದಲು ಸಾಧ್ಯವಾಗದು. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಲ್ಲಿರುವ ಹೆಸರುಗಳನ್ನು ಯೂನಿಕೋಡಿಗೆ ತರುವುದು ಬೇರೆಯೇ ಕೆಲಸ, ಅದನ್ನು ಈ ಕೆಲಸದ ಜೊತೆಗೆ ಬೆರೆಸದಿರುವುದು ಒಳ್ಳೆಯದು.

ಇದೇ ವರ್ಗದ ಇನ್ನೊಂದು ದೋಷ ಏಪ್ರಿಲ್ 1ರಂದು ಮುಖ ತೋರಿಸಬಹುದು. ಹಣಕಾಸು ವರ್ಷ ಬದಲಾದಾಗ ಹೊಸ ಕೋಷ್ಟಕಗಳನ್ನು ಸೃಷ್ಟಿಸುವ ತಂತ್ರಾಂಶವಾದರೆ, ಹಳೆಯ ವರ್ಷದ ಕೋಷ್ಟಕಗಳು ಹಳೆಯ ಹೋಲಿಕೆ ನಿಯಮದಲ್ಲಿಯೂ (ಎರಡು ಹೆಸರುಗಳು ಒಂದೇ ಎಂದು ತೀರ್ಮಾನಿಸುವ ಕ್ರಮ, ಕೊಲೇಶನ್) ಹೊಸವು 8.0ರ ಹೊಸ ನಿಯಮದಲ್ಲಿಯೂ ಹುಟ್ಟುತ್ತವೆ. ಎರಡನ್ನೂ ಹೆಸರಿನಿಂದ ಜೋಡಿಸುವಾಗ ‘ಇಲ್ಲೀಗಲ್ ಮಿಕ್ಸ್ ಆಫ್ ಕೊಲೇಶನ್ಸ್’ ಎಂಬ ಸಂದೇಶ ಬರಬಹುದು. ಹೊಸ ನಿಯಮದಲ್ಲಿ ಹೆಸರಿನ ಕೊನೆಯ ಖಾಲಿ ಜಾಗಕ್ಕೂ ಬೆಲೆಯಿದೆ: ಹಿಂದೆ ಒಂದೇ ಎಂದು ಪರಿಗಣಿತವಾಗುತ್ತಿದ್ದ, ಕೊನೆಯಲ್ಲಿ ಸ್ಪೇಸ್ ಇರುವ ಮತ್ತು ಇಲ್ಲದ ಹೆಸರುಗಳು ಈಗ ಎರಡು ಬೇರೆ ಹೆಸರುಗಳು. ಡೇಟಾಬೇಸಿನ ಪೂರ್ವನಿಯೋಜಿತ ಹೋಲಿಕೆ ನಿಯಮವನ್ನು ಹಳೆಯ ಕೋಷ್ಟಕಗಳಿಗೆ ಸರಿಹೊಂದುವಂತೆ ಮೊದಲೇ ಗೊತ್ತುಪಡಿಸಿದರೆ ಎರಡೂ ತಪ್ಪುತ್ತವೆ.

ಎಸ್‌ಕ್ಯೂಎಲ್ ಸರ್ವರ್ ಬಳಸುವವರ ಸ್ಥಿತಿ ಇದಕ್ಕಿಂತ ಸುಲಭ. ಅದರಲ್ಲಿ ಪ್ರತಿ ಡೇಟಾಬೇಸಿಗೂ ‘ಕಂಪ್ಯಾಟಿಬಿಲಿಟಿ ಲೆವೆಲ್’ ಎಂಬ ಸಂಖ್ಯೆಯಿದೆ. 2008ಕ್ಕೆ 100, 2012ಕ್ಕೆ 110, 2019ಕ್ಕೆ 150, 2022ಕ್ಕೆ 160. ಸರ್ವರ್ 2022ರದ್ದಾಗಿದ್ದರೂ ಡೇಟಾಬೇಸನ್ನು 100ರಲ್ಲಿಯೇ ಇಟ್ಟು ಹಳೆಯ ರೀತಿಯಲ್ಲಿ ನಡೆದುಕೊಳ್ಳುವಂತೆ ಮಾಡಬಹುದು. ಮೊದಲು ಹಾಗೆ ನಡೆಸಿ, ಪರೀಕ್ಷೆ ಮಾಡುತ್ತಾ ಮೇಲಕ್ಕೆ ಏರಿಸುವುದು ಸರಿಯಾದ ಕ್ರಮ.

ಮೇಲ್ದರ್ಜೆಗೆ ಏರಿಸುವ ಮುನ್ನವೇ ಇವನ್ನೆಲ್ಲ ಪತ್ತೆಹಚ್ಚಲು ಆಗುವುದಿಲ್ಲವೇ ಎಂದರೆ, ಬಹುಪಾಲು ಆಗುತ್ತದೆ. ಮೈಎಸ್‌ಕ್ಯೂಎಲ್ ಶೆಲ್ ಎಂಬ ಉಚಿತ ಸಾಧನದಲ್ಲಿ ಅಪ್‌ಗ್ರೇಡ್ ಪರೀಕ್ಷಕವಿದೆ. ಕಾಯ್ದಿರಿಸಿದ ಪದಗಳ ಹೆಸರುಳ್ಳ ಕೋಷ್ಟಕಗಳು, ಸೊನ್ನೆಯ ದಿನಾಂಕಗಳು ಮುಂತಾದವನ್ನು ಅದು ಪಟ್ಟಿ ಮಾಡುತ್ತದೆ. ಆದರೆ ತಂತ್ರಾಂಶದೊಳಗೆ ಅಡಗಿರುವ ಪ್ರಶ್ನೆಗಳು ಅದಕ್ಕೆ ಕಾಣವು. ಅವನ್ನು ಹಿಡಿಯಲು ಹಳೆಯ ಸರ್ವರಿನಲ್ಲಿ ‘ಜನರಲ್ ಲಾಗ್’ ಅನ್ನು ಒಂದು ಪೂರ್ತಿ ದಿನ ತೆರೆದಿಟ್ಟು, ಬಿಲ್, ರಸೀದಿ, ಬ್ಯಾಂಕ್ ಸಮನ್ವಯ, ಜಿಎಸ್‌ಟಿ ವರದಿ ಎಲ್ಲವನ್ನೂ ಮಾಡಿಸಿದರೆ ತಂತ್ರಾಂಶ ಕೇಳುವ ಪ್ರಶ್ನೆಗಳೆಲ್ಲ ಒಂದು ಕಡತದಲ್ಲಿ ದಾಖಲಾಗುತ್ತವೆ. ಆ ಪ್ರಶ್ನೆಗಳನ್ನು ಪರೀಕ್ಷಾ ಯಂತ್ರದ ಹೊಸ ಸರ್ವರಿನಲ್ಲಿ ಓಡಿಸಿ ನೋಡಬಹುದು. ಬರೆಸಿಕೊಂಡ ತಂತ್ರಾಂಶದ ಸೋರ್ಸ್ ಕೋಡ್ ಕೈಯಲ್ಲಿಲ್ಲದವರಿಗೆ ಇದಕ್ಕಿಂತ ಉಪಯುಕ್ತವಾದ ಉಪಾಯ ನನಗೆ ಗೊತ್ತಿಲ್ಲ.

ಏರಿಸಿದ ಮೇಲೆ ಲೆಕ್ಕ ಸರಿಯಿದೆ ಎಂದು ಹೇಳುವುದು ಹೇಗೆ? ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು ಎಂದು ಬಹಳ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಸಾಲದು. ಒಂದು ವೋಚರ್ ಪೂರ್ತಿಯಾಗಿ ಬಿಟ್ಟುಹೋದರೆ ಅದರ ಡೆಬಿಟ್ ಮತ್ತು ಕ್ರೆಡಿಟ್ ಎರಡೂ ಒಟ್ಟಿಗೆ ಹೋಗಿರುತ್ತವೆ. ಎರಡು ಬದಿಗಳ ಮೊತ್ತ ಆಗಲೂ ಸಮವೇ. ಆದ್ದರಿಂದ ಎರಡು ಬದಿ ಸಮವೇ ಎಂಬುದನ್ನಲ್ಲ, ಏರಿಸುವ ಮೊದಲು ತೆಗೆದ ಮುದ್ರಿತ ಟ್ರಯಲ್ ಬ್ಯಾಲೆನ್ಸಿನ ಪ್ರತಿ ಖಾತೆಯೂ ಈಗಿನದಕ್ಕೆ ಪೈಸೆ ಸಮೇತ ಹೊಂದುತ್ತದೆಯೇ ಎಂಬುದನ್ನು ನೋಡಬೇಕು. ಜೊತೆಗೆ ಪ್ರತಿ ವಿಧದ ವೋಚರುಗಳ ಸಂಖ್ಯೆ, ಕೊನೆಯ ಬಿಲ್ ಸಂಖ್ಯೆ, ಈಗಾಗಲೇ ಸಲ್ಲಿಸಿದ ತಿಂಗಳೊಂದರ, ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರ ಅಂಕಿಗಳು, ಪಾಸಾಗದ ಚೆಕ್ಕುಗಳ ಪಟ್ಟಿ, ನಗದು ಪುಸ್ತಕದ ಯಾವುದಾದರೂ ತಿಂಗಳ ದಿನವಾರು ಶಿಲ್ಕುಗಳು, ಕನ್ನಡದಲ್ಲಿ ಹೆಸರಿರುವ ಕೆಲವು ಖಾತೆಗಳು ಇವನ್ನೂ ಹೋಲಿಸಬೇಕು. ವ್ಯತ್ಯಾಸ ಕಂಡಾಗ ಡೇಟಾಬೇಸಿನೊಳಗೆ ನೇರವಾಗಿ ಕೈಹಾಕಿ ಅಂಕಿ ತಿದ್ದುವುದು ಸರಿಯಲ್ಲ. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡು ದಾಖಲಾಗಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂಬಾಗಿಲಿನಿಂದ ಮಾಡಿದ ತಿದ್ದುಪಡಿ ತಂತ್ರಾಂಶದ ಆ ಜಾಡಿನಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಸಮಯವನ್ನು ಆರಿಸಿಕೊಳ್ಳುವಾಗ ಪ್ರತಿ ತಿಂಗಳು ಜಿಎಸ್‌ಟಿಆರ್-1 ಸಲ್ಲಿಸುವವರು ಜಿಎಸ್‌ಟಿ ರಿಟರ್ನುಗಳ ಗಡುವಾದ 11 ಮತ್ತು 20ನೆಯ ತಾರೀಖುಗಳ ಹಿಂದುಮುಂದನ್ನು, ಎಲ್ಲರೂ ಮಾರ್ಚ್ ಕೊನೆಯನ್ನು ಬಿಡಬೇಕು. ಮಲ್ಪೆಯ ಮೀನು ವ್ಯಾಪಾರದ ಕಚೇರಿಗಳಿಗೆ ಯಾಂತ್ರಿಕ ಮೀನುಗಾರಿಕೆಯ ನಿಷೇಧವಿರುವ ಜೂನ್ ಮತ್ತು ಜುಲೈ ತಿಂಗಳುಗಳು ಬಿಡುವಿನವು. ಆದರೆ ಅವೇ ವಿದ್ಯುತ್ ಕೈಕೊಡುವ ತಿಂಗಳುಗಳೂ ಹೌದು. ಏರಿಸುವ ನಡುವೆ ಯಂತ್ರ ಆರಿದರೆ ಕಡತಗಳು ಅರೆಬರೆ ಸ್ಥಿತಿಯಲ್ಲಿ ಉಳಿಯಬಹುದಾದ್ದರಿಂದ, ಕೆಲಸ ಮುಗಿಯುವಷ್ಟು ಹೊತ್ತು ನಿಲ್ಲುವ ಯುಪಿಎಸ್ ಇರಲೇಬೇಕು.

ತಂತ್ರಾಂಶ ಬರೆದವರೇ ಈಗ ಸಿಗುವುದಿಲ್ಲ, ‘ಗ್ರೂಪ್ಸ್’ನಂತಹ ದೋಷವನ್ನು ತಿದ್ದುವವರೂ ಇಲ್ಲ ಎಂದಾದರೆ ಹೊಸ ಸರ್ವರಿನ ಮೇಲೆ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಒಂದೇ ಯಂತ್ರದಲ್ಲಿ ಎರಡು ಸರ್ವರುಗಳನ್ನು ನಡೆಸಬಹುದು: ಹೊಸದು 3306ನೆಯ ಪೋರ್ಟಿನಲ್ಲಿ, ಹಳೆಯದು 3307ರಲ್ಲಿ. ಮೈಎಸ್‌ಕ್ಯೂಎಲ್ 5.7ಕ್ಕೆ ಭದ್ರತಾ ತಿದ್ದುಪಡಿಗಳು 2023ರ ಅಕ್ಟೋಬರಿನಲ್ಲಿಯೇ ನಿಂತಿರುವುದರಿಂದ ಹಳೆಯದನ್ನು ಅಂತರ್ಜಾಲದಿಂದ ಪೂರ್ತಿಯಾಗಿ ದೂರವಿಡಬೇಕು. ವರ್ಚುವಲ್ ಯಂತ್ರವೊಂದರೊಳಗೆ ಇಟ್ಟರೆ ಇನ್ನೂ ಒಳ್ಳೆಯದು. ಇದು ಹೊಸ ತಂತ್ರಾಂಶಕ್ಕೆ ಹೋಗುವವರೆಗಿನ ವ್ಯವಸ್ಥೆಯೇ ಹೊರತು ಶಾಶ್ವತವಲ್ಲ. ಹೋಗುವುದಕ್ಕೆ ಹಣಕಾಸು ವರ್ಷದ ಮೊದಲ ದಿನವೇ ಸೂಕ್ತ, ಏಕೆಂದರೆ ಆಗ ಅಖೈರು ಶಿಲ್ಕುಗಳನ್ನು ಮಾತ್ರ ದಾಟಿಸಿದರೆ ಸಾಕು. ಆದರೂ ಹಳೆಯ ಸರ್ವರನ್ನು ಅಳಿಸುವಂತಿಲ್ಲ. ಕಂಪನಿ ಕಾಯ್ದೆ 2013ರ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳ ಕಾಲ, ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳ ಕಾಲ ಕಾಪಾಡಬೇಕು. ಅಷ್ಟು ಕಾಲ ಆ ಹಳೆಯ ಆವೃತ್ತಿಯ ಸ್ಥಾಪನಾ ಕಡತ, ಅದರ ಡ್ರೈವರ್, ತಂತ್ರಾಂಶ ಮತ್ತು ಪಾಸ್‌ವರ್ಡ್ ಬರೆದಿಟ್ಟ ಚೀಟಿ ಬ್ಯಾಕಪ್ಪಿನ ಜೊತೆಯಲ್ಲಿಯೇ ಇರಬೇಕು.